ತೊಟ್ಟಿಲಿನಿಂದ ಹಾಸಿಗೆಗೆ



ಕಳೆದ ತಿಂಗಳ ಒಂದು ರಾತ್ರಿ, ಎರಡು ಗಂಟೆಯ ವೇಳೆಗೆ, ಜಯನಗರದ ನಮ್ಮ ಮನೆಯಲ್ಲಿ ‘ಧೊಪ್’ ಎಂಬ ಶಬ್ದ ಕೇಳಿಸಿತು. ಎದ್ದು ಓಡಿದೆ. ಎರಡು ವರ್ಷ ನಾಲ್ಕು ತಿಂಗಳಿನ ನನ್ನ ಮೊಮ್ಮಗ ತನ್ನ ಕಟಕಟೆಯ ಮಂಚವನ್ನು ಹತ್ತಿ, ಆಚೆ ಬದಿಗೆ ಬಿದ್ದು, ಎದ್ದು ನಿಂತಿದ್ದ. ಅಳುತ್ತಿರಲಿಲ್ಲ. ತಾನು ಮಾಡಿದ ಸಾಹಸಕ್ಕೆ ತಾನೇ ಬೆರಗಾದವನಂತೆ ನನ್ನನ್ನು ನೋಡಿದ. ಸುತ್ತಲೂ ಮರದ ಸರಳುಗಳಿರುವ ಆ ಮಂಚವನ್ನು ಈಗಿನವರು ಕ್ರಿಬ್ ಎನ್ನುತ್ತಾರೆ. ನನಗಾದರೋ ಅದನ್ನು ಕಂಡಾಗಲೆಲ್ಲ ನ್ಯಾಯಾಲಯದ ಕಟಕಟೆಯೇ ನೆನಪಾಗುವುದರಿಂದ ಆ ಹೆಸರನ್ನೇ ಇಟ್ಟಿದ್ದೇನೆ.

ನನ್ನ ಮಗಳು ಎರಡನೆಯ ಹೆರಿಗೆಗೆಂದು ಜೆ.ಪಿ. ನಗರದ ತನ್ನ ಮನೆಯಿಂದ ತವರಿಗೆ ಬಂದಿದ್ದಾಳೆ. ಮಗು, ಕಟಕಟೆ ಎರಡನ್ನೂ ಜೊತೆಯಲ್ಲೇ ತಂದಿದ್ದಾಳೆ. ಆ ರಾತ್ರಿ ಮಗುವಿನ ಕೈಕಾಲುಗಳನ್ನು ತಡವಿ ನೋಡಿ ಸಮಾಧಾನಪಟ್ಟುಕೊಂಡ ಮೇಲೆ ಆಕೆ ಹೇಳಿದಳು: “ಅಮ್ಮ, ಇನ್ನು ಇವನನ್ನು ದೊಡ್ಡ ಹಾಸಿಗೆಗೆ ಹಾಕಲೇಬೇಕು. ಮಗು ಸರಳು ಹತ್ತಲು ಕಲಿತರೆ, ಇಲ್ಲವೇ ಮೂವತ್ತೈದು ಅಂಗುಲ ಬೆಳೆದರೆ ಕ್ರಿಬ್ ಬಿಡಿಸಿಬಿಡಿ ಎಂದು ಡಾಕ್ಟರು ಹೇಳಿದ್ದರು. ಎಲ್ಲಿ ಮಲಗಿಸೋಣ?”

ನಾನು ಕೇಳಿದೆ: “ಯಾರ ಪಕ್ಕದಲ್ಲಿ ಮಲಗಿಸೋಣ?”

ಇಬ್ಬರೂ ಒಂದೇ ಪ್ರಶ್ನೆಯನ್ನು ಕೇಳಿದೆವೆಂದು ಮೊದಲು ಅನ್ನಿಸಿತು. ಹಾಗಲ್ಲವೆಂದು ಆಮೇಲೆ ಹೊಳೆಯಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ಸಾಮ್ರಾಜ್ಯಗಳ ಏಳುಬೀಳುಗಳನ್ನು ಪಾಠ ಮಾಡಿದ ನಾನು, ಈ ಎರಡು ಪ್ರಶ್ನೆಗಳ ನಡುವಿನ ಚರಿತ್ರೆಯನ್ನು ಎಂದೂ ಯೋಚಿಸಿರಲಿಲ್ಲ. ಆದ್ದರಿಂದಲೇ ಈ ಲೇಖನ.

ನಮ್ಮ ಸಂಪ್ರದಾಯದಲ್ಲಿ ಮಗುವಿನ ಬದುಕಿನ ಪ್ರತಿಯೊಂದು ಮೆಟ್ಟಿಲಿಗೂ ಒಂದು ಶಾಸ್ತ್ರವಿದೆ. ಹೆಸರಿಡಲು ನಾಮಕರಣ, ಮೊದಲ ಬಾರಿ ಹೊರಗೆ ಕರೆದೊಯ್ಯಲು ನಿಷ್ಕ್ರಮಣ, ಮೊದಲ ತುತ್ತಿಗೆ ಅನ್ನಪ್ರಾಶನ, ಕೂದಲಿಗೆ ಚೌಲ, ಕಿವಿಗೆ ಕರ್ಣವೇಧ, ಅಕ್ಷರಕ್ಕೆ ಅಕ್ಷರಾಭ್ಯಾಸ. ತೊಟ್ಟಿಲಿಗೆ ಏರಿಸುವುದಕ್ಕೂ ‘ಡೋಲಾರೋಹಣ’ ಎಂಬ ಗಂಭೀರವಾದ ಹೆಸರಿದೆ. ಕೆಲವು ಮನೆತನಗಳಲ್ಲಿ ಬಟ್ಟೆ ಸುತ್ತಿದ ಗುಂಡುಕಲ್ಲನ್ನು ಮೊದಲು ಮಲಗಿಸಿ, ತೂಗಿ, ಅನಂತರವೇ ಮಗುವನ್ನು ಮಲಗಿಸುತ್ತಾರೆ. ಉತ್ತರ ಕರ್ನಾಟಕದ ಕಡೆ ಮುತ್ತೈದೆಯರು ತೊಟ್ಟಿಲಿನ ಎರಡು ಬದಿಗೆ ನಿಂತು, ಮಗುವನ್ನು ಅದರ ಕೆಳಗಿನಿಂದಲೂ ಮೇಲಿನಿಂದಲೂ ಕೈಯಿಂದ ಕೈಗೆ ದಾಟಿಸುವುದುಂಟು. ಇಷ್ಟು ಸಂಭ್ರಮದಿಂದ ಏರಿಸಿದ ಮಗುವನ್ನು ತೊಟ್ಟಿಲಿನಿಂದ ಇಳಿಸುವುದಕ್ಕೆ ಮಾತ್ರ ಒಂದು ಶಾಸ್ತ್ರವೂ ಇಲ್ಲ. ಷೋಡಶ ಸಂಸ್ಕಾರಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ.

ನಮ್ಮ ಹಿರಿಯರಿಗೆ ಮಗುವಿನ ನಿದ್ದೆಯ ಕಡೆ ಗಮನವಿರಲಿಲ್ಲವೆಂದು ಇದರ ಅರ್ಥವಲ್ಲ. ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ‘ಕುಮಾರಾಗಾರ’ದ, ಎಂದರೆ ಮಗುವಿನ ಕೋಣೆಯ, ವರ್ಣನೆಯಿದೆ. ಹಾಸು ಹೊದಿಕೆಗಳು ಮೃದುವಾಗಿ, ಹಗುರವಾಗಿ, ಶುಚಿಯಾಗಿ ಇರಬೇಕು. ಆಟಿಕೆಗಳು ಬಣ್ಣಬಣ್ಣವಾಗಿ, ಸದ್ದು ಮಾಡುವಂತೆ ಇರಬೇಕು. ಅವು ಭಾರವಾಗಿರಬಾರದು, ಮೊನೆಯುಳ್ಳವಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು. ಇಂದಿನ ಆಟಿಕೆಯ ಪೆಟ್ಟಿಗೆಯ ಮೇಲೆ ಮುದ್ರಿಸುವ ಎಚ್ಚರಿಕೆಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವೇನಿದೆ? ಮಗು ಅತ್ತಿತೆಂದೋ ಉಣ್ಣಲೊಲ್ಲದೆಂದೋ ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದು ಎಂಬ ಮಾತೂ ಅಲ್ಲಿಯೇ ಇದೆ. ಈ ಮಾತನ್ನು ನಾವು ಕೇಳಲಿಲ್ಲವೆಂಬುದಕ್ಕೆ ಪುರಂದರದಾಸರೇ ಸಾಕ್ಷಿ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡಿಕೊಳ್ಳುವ ಅವರ ಕೀರ್ತನೆಯನ್ನು ನೀವೆಲ್ಲ ಕೇಳಿದ್ದೀರಿ.

ಇನ್ನು ತೊಟ್ಟಿಲಿನ ವಿಷಯ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳು ನಾಡಿನಲ್ಲೆಲ್ಲ ಪ್ರಸಿದ್ಧ. ಸಾಗುವಾನಿ ಮರದಲ್ಲಿ ಮಾಡಿ, ಅರಗಿನ ಬಣ್ಣ ಹಾಕಿ, ಬದಿಗಳಲ್ಲಿ ಕೃಷ್ಣನ ಬಾಲಲೀಲೆಯನ್ನೋ ರಾಮಾಯಣದ ಪ್ರಸಂಗಗಳನ್ನೋ ಚಿತ್ರಿಸುತ್ತಾರೆ. ಅಂತಹ ತೊಟ್ಟಿಲು ಒಂದು ಮಗುವಿನ ಸ್ವತ್ತಲ್ಲ, ಮನೆತನದ ಸ್ವತ್ತು. ಬಡವರ ಮನೆಯಲ್ಲಿ ಹಳೆಯ ನೂಲಿನ ಸೀರೆಯೇ ತೊಟ್ಟಿಲು. ಮನೆಯ ತೊಲೆಗೋ ಹೊಲದ ಬದುವಿನ ಮರದ ಕೊಂಬೆಗೋ ಕಟ್ಟಿದ ಜೋಲಿಯಲ್ಲಿ ಎಷ್ಟು ಕೋಟಿ ಮಕ್ಕಳು ಮಲಗಿ ಎದ್ದಿದ್ದಾರೋ ಲೆಕ್ಕವಿಟ್ಟವರಿಲ್ಲ. ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಸನ್ನಿಧಿಗೆ ಹೋದವರು ಅಲ್ಲಿ ಹರಕೆಯ ಪುಟ್ಟ ತೊಟ್ಟಿಲುಗಳನ್ನು ನೋಡಿರುತ್ತೀರಿ. ಮಕ್ಕಳಿಲ್ಲದ ದಂಪತಿಗಳು ದೇವರ ಮುಂದೆ ಇಡುವುದು ತೊಟ್ಟಿಲನ್ನೇ. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂದು ಗಾದೆ ಆಡಿಕೊಳ್ಳಬಹುದು. ಆದರೆ ಅಲ್ಲಿ ನಿಂತು ಆ ತೊಟ್ಟಿಲುಗಳನ್ನು ನೋಡಿದಾಗ ನಗು ಬರುವುದಿಲ್ಲ.

ನಮ್ಮೂರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಅಲ್ಲಿನ ನಮ್ಮ ಮನೆಯ ಅಟ್ಟದ ಮೇಲೆ, ಹಳೆಯ ತಾಮ್ರದ ಪಾತ್ರೆಗಳ ನಡುವೆ, ಒಂದು ಮರದ ತೊಟ್ಟಿಲಿತ್ತು. ಚಿಕ್ಕವಳಿದ್ದಾಗ ಅದರಲ್ಲಿ ಬೊಂಬೆ ಮಲಗಿಸಬೇಕೆಂದು ಹಟ ಮಾಡಿದ್ದೆ. ಅಮ್ಮ ಕೆಳಗಿಳಿಸಲಿಲ್ಲ. ಒಮ್ಮೆ ಅಟ್ಟ ಹತ್ತಿ ಅದನ್ನು ತೂಗಿದ್ದಕ್ಕೆ ಬೆನ್ನಿಗೆ ಏಟು ಬಿತ್ತು. “ಖಾಲಿ ತೊಟ್ಟಿಲು ತೂಗಬಾರದು” ಎಂದಷ್ಟೇ ಅಮ್ಮ ಹೇಳಿದಳು. ಕಾರಣ ತಿಳಿದದ್ದು ನಾನು ಪ್ರೌಢಶಾಲೆಗೆ ಬಂದ ಮೇಲೆ, ಸೋದರತ್ತೆಯ ಬಾಯಿಂದ. ನನಗಿಂತ ಮೊದಲು ಒಂದು ಗಂಡುಮಗುವಿತ್ತಂತೆ. ಎಂಟು ತಿಂಗಳು ಆ ತೊಟ್ಟಿಲಿನಲ್ಲಿ ಮಲಗಿತ್ತಂತೆ. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಹತ್ತಿ ಎರಡೇ ದಿನದಲ್ಲಿ ಹೋಯಿತಂತೆ. 1959ರಲ್ಲಿ ನಾನು ಹುಟ್ಟಿದಾಗ ಅಮ್ಮ ಆ ತೊಟ್ಟಿಲನ್ನು ಇಳಿಸಲು ಬಿಡಲಿಲ್ಲ. ನಾನು ಮಲಗಿದ್ದು ಅಜ್ಜಿಯ ಸೀರೆಯ ಜೋಲಿಯಲ್ಲಿ. ಜೋಲಿ ಬಿಟ್ಟ ಮೇಲೆ ಆರು ವರ್ಷದವರೆಗೂ ಅಮ್ಮನ ಪಕ್ಕದಲ್ಲಿ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 1951ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 146 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಎಂದರೆ ಏಳು ತೊಟ್ಟಿಲುಗಳಲ್ಲಿ ಒಂದು ಖಾಲಿಯಾಗುತ್ತಿತ್ತು. 2023ರ ಅಂಕಿಅಂಶದ ಪ್ರಕಾರ ಈ ಸಂಖ್ಯೆ ಸಾವಿರಕ್ಕೆ 25. ಲಸಿಕೆ, ಶುದ್ಧವಾದ ನೀರು, ಆಸ್ಪತ್ರೆಯ ಹೆರಿಗೆ, ಭೇದಿಯಾದಾಗ ಕೊಡುವ ಉಪ್ಪು ಸಕ್ಕರೆಯ ನೀರು, ಇವೆಲ್ಲ ಸೇರಿ ಮಾಡಿದ ಕೆಲಸವಿದು. ನಮ್ಮ ಅಮ್ಮಂದಿರ ಕಾಲದ ಪ್ರಶ್ನೆ ‘ಮಗುವನ್ನು ತೊಟ್ಟಿಲಿನಿಂದ ಯಾವಾಗ ಬಿಡಿಸಬೇಕು’ ಎಂಬುದಾಗಿರಲಿಲ್ಲ. ‘ಮಗು ತೊಟ್ಟಿಲು ದಾಟೀತೇ’ ಎಂಬುದಾಗಿತ್ತು. ದಾಟಿದರೆ ಅದೇ ಹಬ್ಬ. ಬೇರೆ ಶಾಸ್ತ್ರ ಏಕೆ ಬೇಕು?

ದಾಟಿದ ಮಗು ಹೋಗುತ್ತಿದ್ದದ್ದು ಮಂಚಕ್ಕಲ್ಲ, ನೆಲಕ್ಕೆ. ಮನೆಯಲ್ಲಿ ಮಂಚವೆಂದರೆ ಅಜ್ಜನಿಗೋ ಕಾಯಿಲೆಯವರಿಗೋ ಮೀಸಲು. ಸಂಜೆಯಾಗುತ್ತಲೇ ಪಡಸಾಲೆಯ ಉದ್ದಕ್ಕೂ ಚಾಪೆ ಜಮಖಾನಗಳು ಬಿಚ್ಚಿಕೊಳ್ಳುತ್ತಿದ್ದವು, ಬೆಳಗಾದರೆ ಸುರುಳಿ ಸುತ್ತಿ ಮೂಲೆ ಸೇರುತ್ತಿದ್ದವು. ಯಾವ ಮಗುವಿಗೂ ‘ತನ್ನ ಹಾಸಿಗೆ’ ಎಂಬುದಿರಲಿಲ್ಲ. ಇದ್ದದ್ದು ‘ತನ್ನ ಜಾಗ’, ಅಜ್ಜಿಗೂ ಅಕ್ಕನಿಗೂ ನಡುವೆ, ಅಥವಾ ಗೋಡೆಗೂ ಚಿಕ್ಕಮ್ಮನಿಗೂ ನಡುವೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವು ಹಣಕಾಸಿನ ವಿವೇಕಕ್ಕೆ ಉದಾಹರಿಸುತ್ತೇವೆ. ಆದರೆ ಒಂದೇ ಜಮಖಾನದ ಮೇಲೆ ಐವರು ಮಲಗಿದವರಿಗೆ ಅದರ ನೇರವಾದ ಅರ್ಥವೇ ಚೆನ್ನಾಗಿ ಗೊತ್ತು!

ತೊಟ್ಟಿಲು ಬಿಡುವ ದಿನವನ್ನು ನಿರ್ಧರಿಸುತ್ತಿದ್ದದ್ದು ಯಾರು? ತಾಯಿಯಲ್ಲ, ವೈದ್ಯರಲ್ಲ, ಮುಂದಿನ ಮಗು. ಹಿಂದಿನದು ಎದ್ದರೆ ಮಾತ್ರ ಮುಂದಿನದಕ್ಕೆ ಜಾಗ. 1950ರ ದಶಕದಲ್ಲಿ ನಮ್ಮ ದೇಶದ ಒಬ್ಬ ತಾಯಿ ಸರಾಸರಿ ಆರರ ಹತ್ತಿರ ಮಕ್ಕಳನ್ನು ಹೆರುತ್ತಿದ್ದಳು. ಈ ಲೆಕ್ಕವನ್ನು ಬದಲಿಸುವ ಪ್ರಯತ್ನ ನಮ್ಮ ನಾಡಿನಲ್ಲಿ ಬಹಳ ಮೊದಲೇ ಆರಂಭವಾಯಿತೆಂಬುದು ಅನೇಕರಿಗೆ ತಿಳಿದಿಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಪ್ರಪಂಚದಲ್ಲಿಯೇ ಒಂದು ಸರ್ಕಾರ ಕೈಗೊಂಡ ಇಂತಹ ಮೊದಮೊದಲ ಕ್ರಮಗಳಲ್ಲಿ ಅದೂ ಒಂದು. ಭಾರತ ಸರ್ಕಾರದ ಕುಟುಂಬ ಯೋಜನೆ ಬಂದದ್ದು 1952ರಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಕರ್ನಾಟಕದ ಸರಾಸರಿ 1.7ಕ್ಕೆ ಇಳಿದಿತ್ತು. ಈಗ ತೊಟ್ಟಿಲಿನಲ್ಲಿರುವ ಮಗುವನ್ನು ಎಬ್ಬಿಸಲು ಹಿಂದೆ ಯಾರೂ ಸರತಿಯಲ್ಲಿ ನಿಂತಿಲ್ಲ. ಆದ್ದರಿಂದಲೇ ‘ಯಾವಾಗ’ ಎಂಬುದನ್ನು ತಂದೆತಾಯಿ ಕುಳಿತು ಯೋಚಿಸಬೇಕಾಗಿದೆ.

‘ಎಲ್ಲಿ’ ಎಂಬ ಪ್ರಶ್ನೆಯನ್ನು ತಂದದ್ದು ನಮ್ಮ ಹೊಸ ಬಡಾವಣೆಗಳು. ಜಯನಗರಕ್ಕೆ 1948ರಲ್ಲಿ ಅಂದಿನ ಗವರ್ನರ್ ಜನರಲ್ ರಾಜಾಜಿಯವರು ಅಡಿಗಲ್ಲು ಹಾಕಿದರು. ಯೋಜನೆ ಹಾಕಿ ಕಟ್ಟಿದ ಬಡಾವಣೆ, ಅಗಲವಾದ ರಸ್ತೆ, ಸಾಲುಮರ, ಅಳತೆ ಮಾಡಿ ಹಂಚಿದ ನಿವೇಶನಗಳು. ನಮ್ಮ ಮಾವನವರು ಸಿ.ಐ.ಟಿ.ಬಿ.ಯಿಂದ ಪಡೆದ 30×40 ಅಡಿ ನಿವೇಶನದಲ್ಲಿ 1970ರ ದಶಕದ ಆರಂಭದಲ್ಲಿ ಮನೆ ಕಟ್ಟಿದರು. ಹಳ್ಳಿಯ ಪಡಸಾಲೆಗೆ ಬದಲಾಗಿ ಇಲ್ಲಿ ಒಂದು ಹಾಲು, ಎರಡು ಮಲಗುವ ಕೋಣೆ. ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಚಿಲಕ. ಮರದ ತೊಲೆಗಳ ಜಾಗಕ್ಕೆ ಸಿಮೆಂಟಿನ ತಾರಸಿ ಬಂತು. ತೊಲೆ ಇಲ್ಲದ ಮೇಲೆ ತೊಟ್ಟಿಲು ಕಟ್ಟುವುದೆಲ್ಲಿಗೆ? ಮಾವನವರು ತಾರಸಿ ಹಾಕುವ ದಿನ ಮೇಸ್ತ್ರಿಗೆ ಹೇಳಿ, ಹಾಲಿನ ನಡುವೆ ಎರಡು ಕಬ್ಬಿಣದ ಕೊಕ್ಕೆಗಳನ್ನು ಕಂಬಿಗೆ ಸೇರಿಸಿ ಹಾಕಿಸಿದ್ದರು. ಆ ಕಾಲದ ಅನೇಕ ಮನೆಗಳಲ್ಲಿ ಇಂತಹ ಕೊಕ್ಕೆಗಳನ್ನು ಈಗಲೂ ಕಾಣಬಹುದು. ಹೊಸದಾಗಿ ಏಳುತ್ತಿರುವ ಅಪಾರ್ಟ್‌ಮೆಂಟುಗಳಲ್ಲಿ ನಾನು ಕಂಡಿಲ್ಲ.

ಆ ಕೊಕ್ಕೆಗಳಿಗೆ ನನ್ನ ಮಗಳ ತೊಟ್ಟಿಲು ಏರಿದ್ದು 1985ರಲ್ಲಿ. ನನ್ನ ಅಮ್ಮ ಹೊಸ ತೊಟ್ಟಿಲನ್ನೇ ಮಾಡಿಸಿ, ಬಸ್ಸಿನ ಮೇಲೆ ಕಟ್ಟಿಸಿಕೊಂಡು ತಂದಿದ್ದಳು. 1988ರಲ್ಲಿ ಮಗ ಹುಟ್ಟಿದ. ಮಗಳಿಗೆ ಆಗ ಎರಡು ವರ್ಷ ಒಂಬತ್ತು ತಿಂಗಳು. ಕಾಲು ಹೊರಗೆ ಚಾಚಿಕೊಂಡಿದ್ದರೂ ಆ ತೊಟ್ಟಿಲಿನಲ್ಲಿಯೇ ನಿದ್ದೆ ಮಾಡುತ್ತಿದ್ದಳು. ನಾಮಕರಣದ ಬೆಳಿಗ್ಗೆ ಅವಳ ಹಾಸನ್ನು ತೆಗೆದು, ಹೊಸ ಬಟ್ಟೆ ಹಾಸಿ, ಹೂವು ಕಟ್ಟಿ, ತಮ್ಮನನ್ನು ಮಲಗಿಸಿದೆವು. ಅವಳಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಆಕೆ ತೊಟ್ಟಿಲಿನ ಹಗ್ಗ ಹಿಡಿದುಕೊಂಡು ನೆಂಟರ ಕಾಲುಗಳ ನಡುವೆ ನಿಂತಿದ್ದಳು. ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತನ್ನ ಬಟ್ಟೆಯ ಬೊಂಬೆಯನ್ನು ತಂದು ತಮ್ಮನ ಕಾಲ ಬಳಿ ಇಟ್ಟಳು. ಬಂದವರು “ಎಷ್ಟು ಜಾಣೆ” ಎಂದರು. ನಾನೂ ಹಾಗೆಯೇ ಅಂದುಕೊಂಡೆ. ಅಂದಿನ ರಾತ್ರಿ ಅವಳನ್ನು ಅತ್ತೆಯವರು ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಹತ್ತು ವರ್ಷ ತುಂಬುವವರೆಗೆ ಅವಳು ಮಲಗಿದ್ದು ಅಲ್ಲಿಯೇ, ಅಜ್ಜಿಯ ಚಾಪೆಯ ಮೇಲೆ. ಬಿ.ಎಡ್. ಪರೀಕ್ಷೆಯಲ್ಲಿ ಎರಡನೆಯ ಮಗು ಬಂದಾಗ ಮೊದಲನೆಯದರ ಮನಸ್ಥಿತಿ ಹೇಗಿರುತ್ತದೆಂಬ ಪ್ರಶ್ನೆಗೆ ಮೂರು ಪುಟ ಉತ್ತರ ಬರೆದಿದ್ದವಳು ನಾನು. ಮನೆಯಲ್ಲಿ ಆ ಪ್ರಶ್ನೆ ಎದುರಿಗೆ ಬಂದು ನಿಂತಾಗ ಗುರುತೇ ಹಿಡಿಯಲಿಲ್ಲ.

ಪಶ್ಚಿಮದವರ ದಾರಿ ಬೇರೆಯಾಗಿತ್ತು. ಅಲ್ಲಿಯೂ ಮೊದಲು ತೂಗುವ ತೊಟ್ಟಿಲೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹಿಂದೆ ಸರಿದು, ಅಲುಗಾಡದ ಸರಳುಗಳ ಮಂಚ ಮುಂದೆ ಬಂತು. ನ್ಯೂಯಾರ್ಕಿನ ಮಕ್ಕಳ ವೈದ್ಯ ಎಮ್ಮೆಟ್ ಹೋಲ್ಟ್ 1894ರಲ್ಲಿ ಪ್ರಶ್ನೋತ್ತರ ರೂಪದಲ್ಲಿ ಬರೆದ, ತಾಯಂದಿರ ಕೈಪಿಡಿಯೊಂದರಲ್ಲಿ ಮಗುವನ್ನು ತೂಗುವುದು ಅನಾವಶ್ಯಕವಾದ ಅಭ್ಯಾಸವೆಂದು ಖಡಾಖಂಡಿತವಾಗಿ ಹೇಳಿದರು. ಆ ಪುಸ್ತಕ ದಶಕಗಳ ಕಾಲ ಮರುಮುದ್ರಣವಾಯಿತು. ಆದರೆ ಕಟಕಟೆಯೂ ನಿರಪಾಯಕಾರಿಯಾಗಿರಲಿಲ್ಲ. ಸರಳುಗಳ ನಡುವೆ ಮಕ್ಕಳು ಸಿಕ್ಕಿಕೊಂಡು ಸತ್ತ ಮೇಲೆ, 1973ರಲ್ಲಿ ಅಮೆರಿಕದ ಸರ್ಕಾರ ಸರಳುಗಳ ನಡುವಿನ ಅಂತರ ಸುಮಾರು 6 ಸೆಂಟಿಮೀಟರನ್ನು ಮೀರಬಾರದೆಂದು ನಿಯಮ ಮಾಡಿತು. ಒಂದು ಬದಿಯನ್ನು ಕೆಳಗಿಳಿಸುವ ಬಗೆಯ ಮಂಚಗಳನ್ನು 2011ರಲ್ಲಿ ನಿಷೇಧಿಸಿತು.

ಯಾರು ಯಾರ ಪಕ್ಕದಲ್ಲಿ ಮಲಗಬೇಕೆಂಬುದನ್ನು ವಿದ್ವಾಂಸರೂ ಅಧ್ಯಯನ ಮಾಡಿದ್ದಾರೆ. ಜಪಾನಿನಲ್ಲಿ ತಂದೆತಾಯಿಗಳ ನಡುವೆ ಮಗು ಮಲಗುವುದನ್ನು ‘ನದಿ’ ಎಂಬ ಅಕ್ಷರಕ್ಕೆ ಹೋಲಿಸುತ್ತಾರೆ. ಮೂರು ನಿಲುವು ಗೆರೆಗಳ ಆ ಅಕ್ಷರದಲ್ಲಿ ನಡುವಿನದು ಚಿಕ್ಕದು. ಟೋಕಿಯೊ, ಕ್ಯೋಟೊ ನಗರಗಳ ಕುಟುಂಬಗಳನ್ನು ಕುರಿತು ಕಾಡಿಲ್ ಮತ್ತು ಪ್ಲಾತ್ ಎಂಬವರು 1966ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾದುದು. ರಿಚರ್ಡ್ ಶ್ವೇಡರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ನಮಗೆ ಇನ್ನೂ ಹತ್ತಿರದ್ದು. ಏಳು ಜನರ ಒಂದು ಕುಟುಂಬವನ್ನು ಕೋಣೆಗಳಿಗೆ ಹೇಗೆ ಹಂಚುವಿರಿ ಎಂದು ಒಡಿಶಾದ ಭುವನೇಶ್ವರದವರನ್ನೂ ಷಿಕಾಗೋದವರನ್ನೂ ಅವರು ಕೇಳಿದರು. ಷಿಕಾಗೋದವರಿಗೆ ಗಂಡಹೆಂಡಿರ ಏಕಾಂತ ಮುಖ್ಯವಾಗಿತ್ತು. ಭುವನೇಶ್ವರದವರಿಗೆ ಎಳೆಯ ಮಗು ಒಂಟಿಯಾಗಿರಬಾರದೆಂಬುದು ಮುಖ್ಯವಾಗಿತ್ತು. ಇವರಲ್ಲಿ ಸರಿ ಯಾರು, ತಪ್ಪು ಯಾರು ಎಂದು ಅಂಕ ಹಾಕಲು ನನಗೆ ಸಾಧ್ಯವಿಲ್ಲ. ಒಂದು ಮಾತ್ರ ಸ್ಪಷ್ಟ. ಮಲಗುವ ಜಾಗ ಪ್ರಕೃತಿ ಹಾಕಿಕೊಟ್ಟ ನಿಯಮವಲ್ಲ. ಪ್ರತಿಯೊಂದು ಸಮಾಜವೂ ತನಗೆ ಯಾವುದು ಮುಖ್ಯವೆಂಬುದನ್ನು ತನ್ನ ಹಾಸಿಗೆಗಳಲ್ಲಿ ಬರೆದಿಟ್ಟಿದೆ.

ಮತ್ತೆ ನಮ್ಮ ಮನೆಗೆ ಬರೋಣ. ಮಗಳಿಗೆ 1988ರ ಆ ದಿನದ ಕಥೆಯನ್ನು ಮೊದಲ ಬಾರಿಗೆ ಹೇಳಿದೆ. “ನಿನಗೆ ಏನಾದರೂ ನೆನಪಿದೆಯೇ?” ಎಂದು ಕೇಳಿದೆ.

“ಅದೇನೂ ನೆನಪಿಲ್ಲಮ್ಮ. ಅಜ್ಜಿ ನಿದ್ದೆಯಲ್ಲೂ ನನ್ನ ಬೆನ್ನಿನ ಮೇಲೆ ಕೈ ಇಟ್ಟಿರುತ್ತಿದ್ದರು, ಅದು ಚೆನ್ನಾಗಿ ನೆನಪಿದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನಿನ್ನ ಪಕ್ಕ ಮಲಗಿದ್ದು ಮಾತ್ರ ಒಂದೂ ನೆನಪಿಲ್ಲ.”

ಆಕ್ಷೇಪಣೆಯ ದನಿಯಲ್ಲಿ ಹೇಳಿದ್ದಲ್ಲ. ಆದರೂ ಆ ಮಾತು ಇನ್ನೂ ನನ್ನೊಳಗಿದೆ. ಎರಡೂ ನಿಜ. ನಾನು ಕೊಡದೆ ಹೋದದ್ದನ್ನು ಅತ್ತೆಯವರು ಕೊಟ್ಟಿದ್ದರು. ಅವರಿಗೆ ನಾನು ಒಮ್ಮೆಯೂ ಕೃತಜ್ಞತೆ ಹೇಳಲಿಲ್ಲ. ಈಗ ಅವರಿಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಹೆರಿಗೆಗೆ ಎಂಟು ವಾರಗಳಿರುವಾಗಲೇ ಬದಲಾವಣೆ ಮಾಡಿದೆವು. ಹೊಸ ಮಗು ಬಂದು ತನ್ನನ್ನು ಎಬ್ಬಿಸಿತೆಂದು ಹಿರಿಯದಕ್ಕೆ ಅನ್ನಿಸಬಾರದಲ್ಲ. ಮಗಳ ಕೋಣೆಯಲ್ಲಿಯೇ, ಅವಳ ಮಂಚದ ಪಕ್ಕದಲ್ಲಿ ನೆಲದ ಮೇಲೆ ಒಂದು ಚಿಕ್ಕ ಹಾಸಿಗೆ ಹಾಕಿದೆವು. ನೆಲದಿಂದ ಬೀಳುವುದೆಲ್ಲಿಗೆ? ಕಪಾಟನ್ನು ಗೋಡೆಗೆ ಭದ್ರಪಡಿಸಿ, ಮೆಟ್ಟಿಲಿಗೆ ಗೇಟು ಹಾಕಿಸಿದೆವು. ಹಾಡು, ಕಥೆ, ಹೊದಿಕೆ ಯಾವುದನ್ನೂ ಬದಲಿಸಲಿಲ್ಲ. ಮೊದಲ ನಾಲ್ಕು ರಾತ್ರಿ ಎದ್ದೆದ್ದು ಬಂದ. ಬೈಯದೆ, ಗುಮ್ಮನನ್ನು ಕರೆಯದೆ, ಕೈ ಹಿಡಿದು ಮತ್ತೆ ಮಲಗಿಸಿದೆವು. ಐದನೆಯ ರಾತ್ರಿಯಿಂದ ಬೆಳಗಿನವರೆಗೆ ನಿದ್ದೆ. ಒಂದು ವಾರದ ಮೇಲೆ ಅವನ ಎದುರಿನಲ್ಲಿಯೇ ಕಟಕಟೆಯನ್ನು ಬಿಚ್ಚಿಟ್ಟೆವು. ಪಾನ ಹಿಡಿದುಕೊಳ್ಳುವ ಕೆಲಸ ಅವನದು.

ಅದು ಮತ್ತೆ ಜೋಡಣೆಯಾಗುವುದು ಹೊಸ ಮಗುವಿಗೆ. ಒಂದು ವರ್ಷದವರೆಗೆ ಮಗು ಮಟ್ಟಸವಾದ, ಗಟ್ಟಿಯಾದ ಹಾಸಿನ ಮೇಲೆ, ದಿಂಬು ದುಪ್ಪಟಿಗಳಿಲ್ಲದೆ, ಬೆನ್ನ ಮೇಲೆಯೇ ಮಲಗಬೇಕೆಂದು ಈಗಿನ ವೈದ್ಯರು ಹೇಳುತ್ತಾರೆ. ಆದ್ದರಿಂದ ರಾತ್ರಿಗೆ ಕಟಕಟೆ, ಹಗಲು ನಾವು ಎದುರಿಗಿದ್ದಾಗ ತೊಟ್ಟಿಲು ಎಂದು ತಾಯಿಮಗಳು ರಾಜಿಯಾಗಿದ್ದೇವೆ.

ಕಳೆದ ಭಾನುವಾರ ಅಮ್ಮ ತಂದಿದ್ದ ಆ ತೊಟ್ಟಿಲನ್ನು ಒರೆಸಿ ಮಾವನವರ ಕೊಕ್ಕೆಗಳಿಗೆ ತೂಗುಹಾಕಿದೆವು. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಮೊಮ್ಮಗ ಹಗ್ಗ ಹಿಡಿದು ಖಾಲಿ ತೊಟ್ಟಿಲನ್ನು ತೂಗುತ್ತಿದ್ದ. ಚರಿತ್ರೆಯ ಮೇಷ್ಟ್ರಾದ ನನ್ನ ಕೈ ನನ್ನನ್ನು ಕೇಳದೆಯೇ ಹಗ್ಗವನ್ನು ಹಿಡಿದು ನಿಲ್ಲಿಸಿತು. ಮಗು ಬೆದರಿ ನೋಡಿತು. ಅಮ್ಮನ ಏಟು ನೆನಪಾಯಿತು. ಆ ಏಟಿನ ಹಿಂದಿದ್ದ ಎಂಟು ತಿಂಗಳಿನ ಮಗುವೂ ನೆನಪಾಯಿತು. “ಖಾಲಿ ಬೇಡ ಕಂದ, ಬೊಂಬೆ ಮಲಗಿಸಿ ತೂಗು” ಎಂದೆ. ಓಡಿಹೋಗಿ ತನ್ನ ಚನ್ನಪಟ್ಟಣದ ಬೊಂಬೆಯನ್ನು ತಂದ.

ಹೆರಿಗೆಗೆ ಇನ್ನು ಮೂರು ವಾರಗಳಿವೆ. ಬೊಂಬೆ ದಿನವೂ ಮಧ್ಯಾಹ್ನ ನಿದ್ದೆ ಮಾಡುತ್ತಿದೆ.

ನಿಮ್ಮ ಮನೆಗಳಲ್ಲಿ ತೊಟ್ಟಿಲು ಬಿಟ್ಟ ಮೇಲೆ ನೀವು ಯಾರ ಪಕ್ಕದಲ್ಲಿ ಮಲಗಿದಿರಿ? ಹಿರಿಯರು ಇದ್ದರೆ ಕೇಳಿ ತಿಳಿದುಕೊಳ್ಳಿ. ಸಾಧ್ಯವಾದರೆ ನನಗೂ ಎರಡು ಸಾಲು ಬರೆಯಿರಿ.